ಅಡಿಕೆ, ಬಾಳೆ ಮತ್ತು ಸಾಂಬಾರ ಬೆಳೆಗಳ ತೋಟವನ್ನು ಚಳಿಗಾಲಕ್ಕೆ ಸಜ್ಜುಗೊಳಿಸುವುದು: ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಬೆಳೆಗಾರರಿಗೆ ಮಾಹಿತಿ

1. ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಅಡಿಕೆ ಪ್ರಮುಖ ತೋಟಗಾರಿಕಾ ಬೆಳೆಯಾಗಿದೆ. ಹೊಸಬಾಳೆ ಸೇರಿದಂತೆ ಈ ಭಾಗದ ಗ್ರಾಮಗಳಲ್ಲಿ ಅಡಿಕೆಯೊಂದಿಗೆ ಬಾಳೆ, ಕಾಳುಮೆಣಸು ಮತ್ತು ಏಲಕ್ಕಿಯನ್ನು ಅಂತರ ಬೆಳೆಯಾಗಿಯೂ, ಶುಂಠಿಯನ್ನು ಪ್ರತ್ಯೇಕ ಬೆಳೆಯಾಗಿಯೂ ಬೆಳೆಯಲಾಗುತ್ತಿದೆ. ಇವೆಲ್ಲವೂ ಉಷ್ಣವಲಯದ, ತೇವಾಂಶವನ್ನು ಬಯಸುವ ಬೆಳೆಗಳು. ಮಳೆಗಾಲ ಮುಗಿದ ನಂತರ ಬರುವ ನಾಲ್ಕು ತಿಂಗಳ ಶುಷ್ಕ ಚಳಿಗಾಲವು ಇವುಗಳಿಗೆ ಸಹಜವಾದ ಕಾಲವಲ್ಲ.

ಕೊಳೆ ರೋಗದ ಭಯದಿಂದ ಮಳೆಗಾಲದಲ್ಲಿ ತೋಟಕ್ಕೆ ನೀಡುವಷ್ಟು ಗಮನವನ್ನು ಬಹುತೇಕ ಬೆಳೆಗಾರರು ಚಳಿಗಾಲದಲ್ಲಿ ನೀಡುವುದಿಲ್ಲ. ಕೊಳೆ ರೋಗದಿಂದ ಆ ವರ್ಷದ ಫಸಲು ನಷ್ಟವಾಗುತ್ತದೆ. ಆದರೆ ಚಳಿಗಾಲದ ಬಿಸಿಲಿನಿಂದ ಅಡಿಕೆ ಮರದ ಕಾಂಡಕ್ಕೆ ಆಗುವ ಗಾಯ ಮರ ಇರುವವರೆಗೂ ಉಳಿಯುತ್ತದೆ ಹಾಗೂ ಮರವನ್ನೇ ಕಳೆದುಕೊಳ್ಳುವಂತೆ ಮಾಡುತ್ತದೆ. ಈ ಗಾಯಕ್ಕೆ ಔಷಧಿ ಇಲ್ಲ, ಮುಂಜಾಗ್ರತೆಯೊಂದೇ ಪರಿಹಾರ. ಬೆಳೆಗಾರರು ಅಕ್ಟೋಬರ್‌ನಿಂದ ಜನವರಿಯವರೆಗೆ ಕೈಗೊಳ್ಳಬೇಕಾದ ಕ್ರಮಗಳನ್ನೂ, ಇಲಾಖೆಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ವಿಧಾನವನ್ನೂ ಈ ಕೆಳಗೆ ವಿವರಿಸಲಾಗಿದೆ.

2. ಮಲೆನಾಡಿನ ಚಳಿಗಾಲದ ಸ್ವರೂಪ

ಹಿಮ ಬೀಳುವ ದೇಶಗಳಲ್ಲಿ ಬಾಳೆಯಂತಹ ಗಿಡಗಳನ್ನು ಬೆಳೆಸುವವರು ಚಳಿಗಾಲಕ್ಕೆ ಮುನ್ನ ಕಾಂಡಕ್ಕೆ ಒಣಹುಲ್ಲು ಸುತ್ತಿ ಕಟ್ಟುತ್ತಾರೆ. ಕರಿಬೇವಿನ ಕುಂಡವನ್ನು ಮನೆಯೊಳಗೆ ತಂದಿಡುತ್ತಾರೆ. ಅಲ್ಲಿ ಹಿಮವೇ ಶತ್ರು. ಮಲೆನಾಡಿನಲ್ಲಿಯೂ ಇದೇ ಕಾಲದಲ್ಲಿ ಅಡಿಕೆ ಮರಕ್ಕೆ ಸೋಗೆ ಸುತ್ತುವ ಪದ್ಧತಿ ಇದೆ. ಆದರೆ ಇಲ್ಲಿ ಕಾರಣ ಚಳಿಯಲ್ಲ, ಬಿಸಿಲು.

ಅಡಿಕೆಯು ಸಾಮಾನ್ಯವಾಗಿ 14ರಿಂದ 36 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಈ ಭಾಗದ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು 30 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಹಗಲು ಮತ್ತು ರಾತ್ರಿಗಳ ನಡುವಿನ ಈ ಅಂತರ, ಒಣಗಾಳಿ ಹಾಗೂ ಮೋಡವಿಲ್ಲದ ಆಕಾಶ ಇವು ಇಲ್ಲಿನ ಚಳಿಗಾಲದ ಲಕ್ಷಣಗಳು.

ಇದರ ಜೊತೆಗೆ ಸೂರ್ಯನ ದಿಕ್ಕನ್ನೂ ಗಮನಿಸುವುದು ಅವಶ್ಯಕ. ಸೊರಬವು ಸುಮಾರು 14.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮೂರನೆಯ ವಾರದಲ್ಲಿ ನಡುಹಗಲಿನಲ್ಲಿಯೂ ಸೂರ್ಯನು ನೆತ್ತಿಯ ಮೇಲೆ ಬರುವುದಿಲ್ಲ; ದಕ್ಷಿಣ ದಿಕ್ಕಿನಲ್ಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ನಂತರ ನೈಋತ್ಯದ ಕಡೆಗೆ ಇಳಿಯುತ್ತಾ ಹೋಗುತ್ತಾನೆ. ಬೇಸಿಗೆಯ ಬಿಸಿಲು ಮರದ ಸೋಗೆಯ ಮೇಲೆ ಬಿದ್ದರೆ, ಚಳಿಗಾಲದ ಓರೆ ಬಿಸಿಲು ಸೋಗೆಯ ನೆರಳನ್ನು ತಪ್ಪಿಸಿ ನೇರವಾಗಿ ಕಾಂಡದ ಮೇಲೆ ಬೀಳುತ್ತದೆ. ಆದ್ದರಿಂದ ಬೇಸಿಗೆಗಿಂತ ತಂಪಾಗಿರುವ ಕಾಲದಲ್ಲಿಯೇ ಕಾಂಡಕ್ಕೆ ಹೆಚ್ಚು ಹಾನಿಯಾಗುತ್ತದೆ.

3. ಅಡಿಕೆ ಕಾಂಡದ ರಕ್ಷಣೆ

3.1 ಬಿಸಿಲಿನ ಹೊಡೆತದ ಲಕ್ಷಣಗಳು: ಕಾಂಡದ ದಕ್ಷಿಣ ಮತ್ತು ನೈಋತ್ಯ ಮಗ್ಗುಲಿನಲ್ಲಿ ಮೊದಲು ಹೊಂಬಣ್ಣದ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಕ್ರಮೇಣ ಅವು ಕಂದು ಬಣ್ಣಕ್ಕೆ ತಿರುಗಿ, ಆ ಭಾಗದಲ್ಲಿ ಉದ್ದುದ್ದ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಶಿಲೀಂಧ್ರ ಮತ್ತು ಕೀಟಗಳು ಒಳಸೇರಿ ಕಾಂಡ ಟೊಳ್ಳಾಗುತ್ತದೆ. ಅಂತಹ ಮರವು ಕೆಲವು ವರ್ಷ ಫಸಲು ನೀಡಿದರೂ ಜೋರಾದ ಗಾಳಿಗೆ ಗಾಯವಾದ ಜಾಗದಲ್ಲಿಯೇ ಮುರಿದು ಬೀಳುತ್ತದೆ. ಅಡಿಕೆ ಸಸಿ ಫಸಲಿಗೆ ಬರಲು 5ರಿಂದ 6 ವರ್ಷ ಬೇಕಾಗುವುದರಿಂದ, ಒಂದು ಮರ ಮುರಿದರೆ ಬೆಳೆಗಾರನು ಅಷ್ಟು ವರ್ಷಗಳ ಆರೈಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಬಿರುಕು ಬಿಟ್ಟ ಮರವನ್ನು ಹತ್ತುವುದು ಕೊನೆ ಕೊಯ್ಯುವ ಕಾರ್ಮಿಕರ ಜೀವಕ್ಕೂ ಅಪಾಯಕಾರಿ.

3.2 ಹೆಚ್ಚು ಅಪಾಯವಿರುವ ಮರಗಳು:
(ಅ) ತೋಟದ ದಕ್ಷಿಣ ಮತ್ತು ನೈಋತ್ಯ ಅಂಚಿನ ಹೊರಸಾಲಿನ ಮರಗಳು.
(ಆ) ಗದ್ದೆ ಅಥವಾ ಖುಷ್ಕಿ ಜಮೀನಿನಲ್ಲಿ ಹೊಸದಾಗಿ ಹಾಕಿದ, ಸುತ್ತ ನೆರಳಿಲ್ಲದ ಎಳೆಯ ತೋಟ.
(ಇ) ಅಂಚಿನಲ್ಲಿದ್ದ ನೆರಳಿನ ಮರ ಬಿದ್ದುದರಿಂದ, ಪಕ್ಕದ ಜಮೀನನ್ನು ಬಯಲು ಮಾಡಿದ್ದರಿಂದ ಅಥವಾ ರಸ್ತೆ ಅಗಲ ಮಾಡಿದ್ದರಿಂದ ಹೊಸದಾಗಿ ಬಿಸಿಲಿಗೆ ತೆರೆದುಕೊಂಡ ಮರಗಳು. ಅಷ್ಟು ವರ್ಷ ನೆರಳಿನಲ್ಲಿ ಬೆಳೆದ ಕಾಂಡಕ್ಕೆ ಏಕಾಏಕಿ ಬಿಸಿಲು ಬಿದ್ದಾಗ ಹಾನಿ ಬೇಗ ಕಾಣಿಸಿಕೊಳ್ಳುತ್ತದೆ.

3.3 ಕೈಗೊಳ್ಳಬೇಕಾದ ಕ್ರಮಗಳು:
(ಅ) ಮಳೆ ನಿಂತ ಕೂಡಲೇ, ನವೆಂಬರ್ ತಿಂಗಳು ಮುಗಿಯುವುದರೊಳಗೆ, ಹೊರಸಾಲಿನ ಮರಗಳ ಕಾಂಡಕ್ಕೆ ಅಡಿಕೆ ಸೋಗೆ ಅಥವಾ ಹಾಳೆಯನ್ನು ಕಟ್ಟತಕ್ಕದ್ದು. ಬಿಸಿಲು ಬೀಳುವ ಮಗ್ಗುಲು ಪೂರ್ತಿ ಮುಚ್ಚಿರಬೇಕು. ಕಟ್ಟಲು ಬಾಳೆ ನಾರು ಅಥವಾ ಸೆಣಬಿನ ಹುರಿ ಸೂಕ್ತ. ತಂತಿ ಹಾಗೂ ಪ್ಲಾಸ್ಟಿಕ್ ಹಗ್ಗವನ್ನು ಬಿಗಿಯಾಗಿ ಕಟ್ಟಬಾರದು. ಮುಂಗಾರು ಆರಂಭವಾಗುತ್ತಿದ್ದಂತೆ ಹೊದಿಕೆಯನ್ನು ಬಿಚ್ಚಬೇಕು; ಇಲ್ಲದಿದ್ದಲ್ಲಿ ಒಳಗೆ ತೇವ ನಿಂತು ಕೀಟಗಳಿಗೆ ಆಸರೆಯಾಗುತ್ತದೆ.
(ಆ) ಎತ್ತರದ ಮರಗಳಿಗೆ ಸೋಗೆ ಕಟ್ಟುವುದು ಕಷ್ಟವಾದಲ್ಲಿ ಸೋಸಿದ ಸುಣ್ಣದ ತಿಳಿಯನ್ನು ಕಾಂಡಕ್ಕೆ ಬಳಿಯಬಹುದು. ಬಿಳಿ ಬಣ್ಣವು ಬಿಸಿಲನ್ನು ಹಿಂದಕ್ಕೆ ತಳ್ಳುವುದರಿಂದ ಕಾಂಡ ಕಾಯುವುದಿಲ್ಲ. ಅಕಾಲಿಕ ಮಳೆಗೆ ಸುಣ್ಣ ತೊಳೆದುಹೋದಲ್ಲಿ ಮತ್ತೊಮ್ಮೆ ಬಳಿಯಬೇಕು.
(ಇ) ಎಳೆಯ ತೋಟದಲ್ಲಿ ಮೊದಲ ಕೆಲವು ವರ್ಷ ಬಾಳೆಯನ್ನು ನೆರಳಿಗಾಗಿ ಉಳಿಸಿಕೊಳ್ಳಬೇಕು. ಗೊನೆ ಕಡಿದ ನಂತರ ದಕ್ಷಿಣ ಮತ್ತು ಪಶ್ಚಿಮದ ಕಡೆಯ ಬಾಳೆಯನ್ನು ಚಳಿಗಾಲದಲ್ಲಿ ಒಮ್ಮೆಲೇ ತೆರವು ಮಾಡಬಾರದು.
(ಈ) ಶಾಶ್ವತ ಪರಿಹಾರವಾಗಿ ನೈಋತ್ಯ ಅಂಚಿನಲ್ಲಿ ಬೇಗ ಬೆಳೆಯುವ ನೆರಳಿನ ಮರಗಳ ಸಾಲನ್ನು ಬೆಳೆಸುವುದು ಉತ್ತಮ.
(ಉ) ಹೊಸ ತೋಟ ಹಾಕುವವರು 2.7 ಮೀಟರ್ ಅಂತರದ ಚೌಕ ಪದ್ಧತಿಯಲ್ಲಿ, ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮದ ಕಡೆಗೆ 35 ಡಿಗ್ರಿ ವಾಲಿಸಿ ಗುರುತು ಮಾಡಿಕೊಳ್ಳಬೇಕು. ಹೀಗೆ ಮಾಡಿದಲ್ಲಿ ಮಧ್ಯಾಹ್ನದ ನಂತರ ಒಂದು ಮರದ ನೆರಳು ಮತ್ತೊಂದು ಮರಕ್ಕೆ ಆಸರೆಯಾಗುತ್ತದೆ. ಈ ಕೆಲಸಕ್ಕೆ ಹೆಚ್ಚುವರಿ ಖರ್ಚಿಲ್ಲ. ಆದರೆ ಸಸಿ ನೆಟ್ಟ ಮೇಲೆ ಸರಿಪಡಿಸಲು ಬರುವುದಿಲ್ಲ.

4. ಬಸಿಗಾಲುವೆ, ಗೊಬ್ಬರ ಮತ್ತು ಹೊದಿಕೆ

ಮಳೆಗಾಲದಲ್ಲಿ ಬಸಿಗಾಲುವೆಗಳಲ್ಲಿ ಶೇಖರವಾದ ಗೋಡು ಮಣ್ಣನ್ನು ತೆಗೆದು ಮರಗಳ ಬುಡಕ್ಕೆ ಹಾಕಬೇಕು. ಇದರಿಂದ ಮಳೆಗೆ ಕೊಚ್ಚಿ ಹೊರಬಂದ ಬೇರುಗಳು ಮುಚ್ಚಲ್ಪಟ್ಟು ಒಣಗಾಳಿಯಿಂದ ರಕ್ಷಣೆ ಪಡೆಯುತ್ತವೆ.

ಫಸಲು ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಮತ್ತು 140 ಗ್ರಾಂ ಪೊಟ್ಯಾಷ್ ಅಂಶಗಳನ್ನು ಶಿಫಾರಸು ಮಾಡಲಾಗಿದೆ. ಇದಕ್ಕೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ ಮತ್ತು 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕಾಗುತ್ತದೆ. ಇದನ್ನು ಎರಡು ಕಂತುಗಳಲ್ಲಿ, ಅಂದರೆ ಮೇ-ಜೂನ್ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಕೊಡಬೇಕು. ಎರಡನೆಯ ಕಂತು ಮಣ್ಣಿನಲ್ಲಿ ತೇವವಿರುವಾಗಲೇ ಮುಗಿದಿರಬೇಕು. ಒಣ ಮಣ್ಣಿಗೆ ಹಾಕಿದ ರಸಗೊಬ್ಬರವನ್ನು ಬೇರುಗಳು ಹೀರಿಕೊಳ್ಳಲಾರವು. ಮೊದಲ ವರ್ಷದ ಸಸಿಗಳಿಗೆ ಈ ಪ್ರಮಾಣದ ಮೂರನೆಯ ಒಂದು ಭಾಗ, ಎರಡನೆಯ ವರ್ಷ ಮೂರನೆಯ ಎರಡು ಭಾಗ ಮತ್ತು ಮೂರನೆಯ ವರ್ಷದಿಂದ ಪೂರ್ಣ ಪ್ರಮಾಣ ಕೊಡಬೇಕು. ಇದರೊಂದಿಗೆ ಮರವೊಂದಕ್ಕೆ ವರ್ಷಕ್ಕೆ ತಲಾ 12 ಕಿಲೋಗ್ರಾಂ ಹಸಿರೆಲೆ ಗೊಬ್ಬರ ಮತ್ತು ಕಾಂಪೋಸ್ಟ್ ಅವಶ್ಯಕ. ಮಣ್ಣು ಪರೀಕ್ಷೆ ಮಾಡಿಸಿದವರು ವರದಿಯಲ್ಲಿ ತಿಳಿಸಿದ ಪ್ರಮಾಣವನ್ನೇ ಅನುಸರಿಸತಕ್ಕದ್ದು.

ಗೊಬ್ಬರ ಹಾಕಿ ಮಣ್ಣು ಮುಚ್ಚಿದ ನಂತರ ಬುಡದ ಸುತ್ತ ದರಕು, ಒಣ ಸೋಗೆ, ಬಾಳೆ ಎಲೆ ಇತ್ಯಾದಿಗಳನ್ನು ಹೊದಿಸಬೇಕು. ಹೊದಿಕೆಯು ಕಾಂಡಕ್ಕೆ ತಾಗಿಕೊಂಡಿರಬಾರದು. ರೋಗ ತಗುಲಿದ ಎಲೆಗಳನ್ನು ಹೊದಿಕೆಗೆ ಬಳಸಬಾರದು. ಇತ್ತೀಚಿನ ವರ್ಷಗಳಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಎಲೆಚುಕ್ಕೆ ರೋಗ ತೀವ್ರವಾಗಿ ಕಾಣಿಸಿಕೊಂಡಿರುವುದರಿಂದ, ಹೆಚ್ಚು ಚುಕ್ಕೆಗಳಿರುವ ಕೆಳಗಿನ ಸೋಗೆಗಳನ್ನು ತೆಗೆದು ತೋಟದ ಹೊರಗೆ ಸುಡುವುದು ಸೂಕ್ತ.

5. ನೀರಾವರಿ

ಕಾಲುವೆ ಅಥವಾ ಪೈಪಿನ ಮೂಲಕ ಬುಡಕ್ಕೆ ನೀರು ಕೊಡುವವರು ಮರವೊಂದಕ್ಕೆ ಪ್ರತಿ ಸಾರಿ ಸುಮಾರು 175 ಲೀಟರ್‌ನಂತೆ ನವೆಂಬರ್-ಡಿಸೆಂಬರ್‌ನಲ್ಲಿ 7ರಿಂದ 8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇ ತಿಂಗಳವರೆಗೆ 3ರಿಂದ 5 ದಿನಕ್ಕೊಮ್ಮೆ ಕೊಡಬೇಕು. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುತ್ತದೆ.

ಬೆಳಗಿನ ಮಂಜು ಮತ್ತು ಇಬ್ಬನಿಯನ್ನು ನೋಡಿ ನೆಲ ತೇವವಾಗಿದೆ ಎಂದು ಭಾವಿಸುವುದು ತಪ್ಪು. ಇಬ್ಬನಿ ಎಲೆಯನ್ನು ತೋಯಿಸುತ್ತದೆ, ಬೇರನ್ನು ತಲುಪುವುದಿಲ್ಲ. ಬುಡದಲ್ಲಿ ಒಂದು ಗೇಣು ಆಳದ ಮಣ್ಣನ್ನು ತೆಗೆದು ಅಂಗೈಯಲ್ಲಿ ಹಿಡಿದಾಗ ಉಂಡೆ ಕಟ್ಟದಿದ್ದಲ್ಲಿ ನೀರು ಕೊಡುವ ಸಮಯ ಬಂದಿದೆ ಎಂದು ತಿಳಿಯಬೇಕು. ಹನಿ ನೀರಾವರಿ ಘಟಕವನ್ನು ಹೊಂದಿರುವವರು ಮಳೆಗಾಲದಲ್ಲಿ ನಿರುಪಯುಕ್ತವಾಗಿದ್ದ ಕೊಳವೆಗಳ ಕೊನೆಯನ್ನು ಬಿಚ್ಚಿ ನೀರು ಹಾಯಿಸಿ, ಕಸ ತೆಗೆದು, ಇಲಿ ಕಡಿದ ಕಡೆ ಸರಿಪಡಿಸಿ ಅಕ್ಟೋಬರ್ ಕೊನೆಯೊಳಗೆ ಚಾಲನೆ ಮಾಡಿಕೊಳ್ಳಬೇಕು.

6. ಬಾಳೆ

ತೋಟದ ಬೆಳೆಗಳಲ್ಲಿ ಚಳಿಯನ್ನು ಅತಿ ಹೆಚ್ಚು ಅನುಭವಿಸುವುದು ಬಾಳೆ. ಉಷ್ಣಾಂಶ ಸುಮಾರು 16 ಡಿಗ್ರಿಗಿಂತ ಕೆಳಗಿಳಿದಾಗ ಹೊಸ ಎಲೆ ಬಿಡುವುದು ನಿಧಾನವಾಗುತ್ತದೆ. ಅದೇ ಹೊತ್ತಿಗೆ ಗೊನೆ ಹೊರಬರುವ ಹಂತದಲ್ಲಿದ್ದರೆ ಅದು ಕಾಂಡದ ಕುತ್ತಿಗೆಯಲ್ಲಿ ಸಿಲುಕಿಕೊಳ್ಳಬಹುದು. ಬಿಟ್ಟ ಗೊನೆ ತುಂಬಲು ಸಹ ಹೆಚ್ಚು ದಿನ ಬೇಕಾಗುತ್ತದೆ.

(ಅ) ಡಿಸೆಂಬರ್-ಜನವರಿಯಲ್ಲಿ ಗೊನೆ ಬಿಡದಂತೆ ಕಂದು ನೆಡುವ ಮತ್ತು ಮರಿ ಉಳಿಸುವ ಕಾಲವನ್ನು ಹೊಂದಿಸಿಕೊಳ್ಳಬೇಕು.
(ಆ) ಚಳಿಗಾಲಕ್ಕೆ ಮುನ್ನ ಬುಡಕ್ಕೆ ಮಣ್ಣು ಏರಿಸಿ ಹೊದಿಕೆ ಹಾಕಬೇಕು.
(ಇ) ಹಸಿರಾಗಿರುವ ಎಲೆಗಳನ್ನು ಊಟಕ್ಕಾಗಲೀ ಮಾರಾಟಕ್ಕಾಗಲೀ ಹೆಚ್ಚಾಗಿ ಕೊಯ್ಯಬಾರದು. ಗೊನೆ ತುಂಬುವುದು ಆ ಎಲೆಗಳಿಂದಲೇ.
(ಈ) ಗೊನೆಯನ್ನು ಒಣಗಿದ ಬಾಳೆ ಎಲೆಯಿಂದ ಅಥವಾ ಗಾಳಿಯಾಡುವ ಚೀಲದಿಂದ ಮುಚ್ಚಿದಲ್ಲಿ ಚಳಿ ಮತ್ತು ಬಿಸಿಲು ಎರಡರಿಂದಲೂ ರಕ್ಷಣೆ ದೊರೆಯುತ್ತದೆ.
(ಉ) ನೀರನ್ನು ಒಮ್ಮೆಲೇ ಹೆಚ್ಚು ಕೊಡುವ ಬದಲು ಕಡಿಮೆ ಪ್ರಮಾಣದಲ್ಲಿ ಮೇಲಿಂದ ಮೇಲೆ ಕೊಡುವುದು ಒಳ್ಳೆಯದು. ತೇವವಿರುವ ಮಣ್ಣು ಒಣ ಮಣ್ಣಿನಷ್ಟು ಬೇಗ ತಣ್ಣಗಾಗುವುದಿಲ್ಲ.

7. ಕಾಳುಮೆಣಸು, ಏಲಕ್ಕಿ ಮತ್ತು ಶುಂಠಿ

ಕಾಳುಮೆಣಸು: ಅದೇ ವರ್ಷ ನೆಟ್ಟ ಬಳ್ಳಿಗಳನ್ನು ಒಣ ಸೋಗೆಯಿಂದ ಮರೆ ಮಾಡಿ, ಮುಂದಿನ ಮಳೆ ಬರುವವರೆಗೆ ಬಿಸಿಲಿನಿಂದ ಕಾಪಾಡಬೇಕು. ಕಾಂಡಕ್ಕೆ ಸೋಗೆ ಕಟ್ಟುವಾಗ ಅಥವಾ ಸುಣ್ಣ ಬಳಿಯುವಾಗ ಮರಕ್ಕೆ ಹಬ್ಬಿರುವ ಬಳ್ಳಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಚೆನ್ನಾಗಿ ಹಬ್ಬಿದ ಬಳ್ಳಿಯು ತಾನೇ ಅಡಿಕೆ ಕಾಂಡಕ್ಕೆ ನೆರಳಾಗುವುದರಿಂದ ಅಂತಹ ಮರಕ್ಕೆ ಬೇರೆ ಹೊದಿಕೆ ಬೇಕಾಗುವುದಿಲ್ಲ.

ಏಲಕ್ಕಿ: ನವೆಂಬರ್-ಡಿಸೆಂಬರ್‌ನಲ್ಲಿ ಬುಡಕ್ಕೆ ದರಕಿನ ದಪ್ಪ ಹೊದಿಕೆ ಹಾಕಬೇಕು. ಮೇಲಿನ ನೆರಳನ್ನು ಈ ಕಾಲದಲ್ಲಿ ಕಡಿಮೆ ಮಾಡಬಾರದು.

ಶುಂಠಿ: ಬೀಜಕ್ಕೆ ಬೇಕಾದ ಶುಂಠಿಯನ್ನು ಗಿಡ ಹಸಿರಾಗಿರುವಾಗಲೇ ರೋಗವಿಲ್ಲದ ಮಡಿಗಳನ್ನು ಗುರುತಿಸಿ ಬಿಟ್ಟುಕೊಳ್ಳಬೇಕು. ಎಲೆಗಳು ಪೂರ್ತಿ ಹಳದಿಯಾಗಿ ಒಣಗಿದ ನಂತರ ಕಿತ್ತು, ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ, ನೆರಳಿನಲ್ಲಿಯೇ ತೋಡಿದ ಗುಂಡಿಯಲ್ಲಿ ಗಾಳಿಯಾಡುವಂತೆ ಶೇಖರಿಸಬೇಕು. ಹೀಗೆ ಉಪಚರಿಸಿದ ಶುಂಠಿಯನ್ನು ಅಡುಗೆಗೆ ಬಳಸಬಾರದು.

8. ಬೆಂಕಿಯ ಬಗ್ಗೆ ಎಚ್ಚರಿಕೆ

ಬುಡಕ್ಕೆ ಹಾಕಿದ ದರಕು ಮತ್ತು ಕಾಂಡಕ್ಕೆ ಕಟ್ಟಿದ ಒಣ ಸೋಗೆ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಸೊಪ್ಪಿನ ಬೆಟ್ಟ ಅಥವಾ ಅರಣ್ಯಕ್ಕೆ ಹೊಂದಿಕೊಂಡ ತೋಟದ ಬೆಳೆಗಾರರು ಜನವರಿ ತಿಂಗಳೊಳಗೆ ತಮ್ಮ ತೋಟದ ಅಂಚಿನ ಒಣಹುಲ್ಲು ಮತ್ತು ತರಗೆಲೆಯನ್ನು ಗುಡಿಸಿ ಬೆಂಕಿ ದಾಟದಂತೆ ಜಾಗ ಬಿಡಿಸಿಕೊಳ್ಳಬೇಕು. ಕಸ ಸುಡುವವರು ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ, ನೀರನ್ನು ಹತ್ತಿರವಿಟ್ಟುಕೊಂಡು, ಪೂರ್ತಿ ಆರುವವರೆಗೆ ಅಲ್ಲಿಯೇ ಇರತಕ್ಕದ್ದು.

9. ತಿಂಗಳುವಾರು ಕೆಲಸಗಳು

ಅಕ್ಟೋಬರ್: ಗೊಬ್ಬರದ ಎರಡನೆಯ ಕಂತು; ಬಸಿಗಾಲುವೆಯ ಹೂಳು ತೆಗೆಯುವುದು; ಹನಿ ನೀರಾವರಿ ದುರಸ್ತಿ.
ನವೆಂಬರ್: ಹೊರಸಾಲಿನ ಮರಗಳಿಗೆ ಸೋಗೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು, ಬುಡಕ್ಕೆ ಹೊದಿಕೆ, ನೀರು ಕೊಡಲು ಆರಂಭ.
ಡಿಸೆಂಬರ್: ಕಟ್ಟಿದ ಸೋಗೆ ಜಾರಿರುವುದನ್ನು ಸರಿಪಡಿಸುವುದು, ಬಾಳೆಗೊನೆ ಮುಚ್ಚುವುದು, ಬೀಜದ ಶುಂಠಿಯ ಆಯ್ಕೆ.
ಜನವರಿ: ನೀರಿನ ಅಂತರ ಕಡಿಮೆ ಮಾಡುವುದು, ತೋಟದ ಅಂಚಿನಲ್ಲಿ ಬೆಂಕಿ ತಡೆಗೆ ಜಾಗ ಬಿಡಿಸುವುದು, ಕಾಂಡಗಳ ಪರಿಶೀಲನೆ.

10. ಇಲಾಖೆಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ವಿಧಾನ

10.1 ಫ್ರೂಟ್ಸ್ ಗುರುತಿನ ಸಂಖ್ಯೆ: ಯಾವುದೇ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವ ಮೊದಲು ಬೆಳೆಗಾರರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡಿರಬೇಕು. ತಮ್ಮ ಎಲ್ಲಾ ಸರ್ವೆ ನಂಬರುಗಳೂ ಅದಕ್ಕೆ ಜೋಡಣೆಯಾಗಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

10.2 ಹನಿ ನೀರಾವರಿ ಸಹಾಯಧನ: ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ನೀರಿನ ಮೂಲದ ದಾಖಲೆ ಹಾಗೂ ಅನ್ವಯಿಸುವವರಿಗೆ ಜಾತಿ ಪ್ರಮಾಣ ಪತ್ರ ಬೇಕಾಗುತ್ತದೆ. ಸಹಾಯಧನದ ಪ್ರಮಾಣವು ಆಯಾ ವರ್ಷದ ಮಾರ್ಗಸೂಚಿ ಮತ್ತು ಅನುದಾನವನ್ನು ಅವಲಂಬಿಸಿರುತ್ತದೆ. ಇಲಾಖೆಯ ಮಂಜೂರಾತಿ ದೊರೆಯುವ ಮೊದಲೇ ಘಟಕವನ್ನು ಅಳವಡಿಸಿಕೊಳ್ಳಬಾರದು.

10.3 ಹವಾಮಾನ ಆಧಾರಿತ ಬೆಳೆ ವಿಮೆ: ತೋಟಗಾರಿಕಾ ಬೆಳೆಗಳಿಗೆ ರೈತರ ವಂತಿಗೆ ವಿಮಾ ಮೊತ್ತದ ಶೇಕಡ 5ರವರೆಗೆ ಇರುತ್ತದೆ. ಯಾವ ಬೆಳೆಗೆ ಯಾವ ಗ್ರಾಮ ಪಂಚಾಯಿತಿಯಲ್ಲಿ ವಿಮೆ ಅನ್ವಯವಾಗುತ್ತದೆ ಮತ್ತು ಕೊನೆಯ ದಿನಾಂಕ ಯಾವುದು ಎಂಬುದನ್ನು ಪ್ರತಿ ವರ್ಷ ಮುಂಗಾರಿನ ಆರಂಭದಲ್ಲಿ ಅಧಿಸೂಚಿಸಲಾಗುತ್ತದೆ. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ವಿಮೆ ಮಾಡಿಸಿದ ಬೆಳೆಗೂ ತಾಳೆಯಾಗದಿದ್ದಲ್ಲಿ ತೊಂದರೆಯಾಗುವುದರಿಂದ, ಸಮೀಕ್ಷೆಯಲ್ಲಿ ಅಡಿಕೆ ಹಾಗೂ ಅಂತರ ಬೆಳೆಗಳು ಸರಿಯಾಗಿ ದಾಖಲಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಸಿಲಿನ ಹೊಡೆತಕ್ಕೆ ಸಿಕ್ಕ ಅಡಿಕೆ ಮರಗಳಿಗೆ ಬೆಳೆ ವಿಮೆಯಲ್ಲಿ ಪರಿಹಾರ ದೊರೆಯುತ್ತದೆಯೇ?
ಉತ್ತರ: ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವು ಮಾಪನ ಕೇಂದ್ರದಲ್ಲಿ ದಾಖಲಾದ ಹವಾಮಾನದ ಅಂಕಿಅಂಶಗಳ ಮೇಲೆ ನಿರ್ಧಾರವಾಗುತ್ತದೆ. ಒಂದೊಂದು ತೋಟಕ್ಕೆ ಹೋಗಿ ಕಾಂಡ ಬಿರಿದ ಮರಗಳನ್ನು ಎಣಿಸಿ ಪರಿಹಾರ ನೀಡುವ ವ್ಯವಸ್ಥೆ ಇದರಲ್ಲಿ ಇಲ್ಲ. ಆದುದರಿಂದ ಕಾಂಡದ ರಕ್ಷಣೆಯನ್ನು ಬೆಳೆಗಾರರೇ ಸಕಾಲದಲ್ಲಿ ಮಾಡಿಕೊಳ್ಳುವುದು ಅನಿವಾರ್ಯ.

ಪ್ರಶ್ನೆ: ಈಗಾಗಲೇ ಹೊಂಬಣ್ಣದ ಮಚ್ಚೆ ಬಂದಿರುವ ಮರಕ್ಕೆ ಏನು ಮಾಡಬೇಕು?
ಉತ್ತರ: ಆದ ಗಾಯ ಮಾಯುವುದಿಲ್ಲ. ಆದರೆ ಕೂಡಲೇ ಸೋಗೆ ಕಟ್ಟಿದಲ್ಲಿ ಅದು ಹರಡುವುದು ನಿಲ್ಲುತ್ತದೆ. ಬಿರುಕು ಆಳವಾಗಿರುವ ಮರಗಳಿಗೆ ಬಣ್ಣದ ಗುರುತು ಹಾಕಿ, ಯಾರೂ ಹತ್ತದಂತೆ ಕೊನೆ ಕೊಯ್ಯುವವರಿಗೆ ಮೊದಲೇ ತಿಳಿಸಬೇಕು. ಅಂತಹ ಮರದ ಪಕ್ಕದಲ್ಲಿ ಹೊಸ ಸಸಿ ನೆಡುವುದು ಸೂಕ್ತ.

ಪ್ರಶ್ನೆ: ತೋಟದ ಎಲ್ಲಾ ಮರಗಳಿಗೂ ಸೋಗೆ ಕಟ್ಟಬೇಕೇ?
ಉತ್ತರ: ಅಗತ್ಯವಿಲ್ಲ. ಡಿಸೆಂಬರ್ ತಿಂಗಳ ಯಾವುದಾದರೂ ಒಂದು ದಿನ ಮಧ್ಯಾಹ್ನ 2ರಿಂದ 4 ಗಂಟೆಯವರೆಗೆ ತೋಟದಲ್ಲಿ ತಿರುಗಾಡಿ, ಯಾವ ಯಾವ ಕಾಂಡದ ಮೇಲೆ ನೇರ ಬಿಸಿಲು ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ಆ ಮರಗಳಿಗೆ ಕೂಡಲೇ ಕಟ್ಟಿ, ಮುಂದಿನ ವರ್ಷದಿಂದ ಅದೇ ಗುರುತಿನ ಪ್ರಕಾರ ನವೆಂಬರ್‌ನಲ್ಲಿಯೇ ಕೆಲಸ ಮುಗಿಸಬಹುದು. ಮನೆಯ ತೋಟದ ಸೋಗೆ ಮತ್ತು ಹಾಳೆಯನ್ನೇ ಬಳಸುವುದರಿಂದ ಕೂಲಿಯ ಹೊರತು ಬೇರೆ ಖರ್ಚು ಬರುವುದಿಲ್ಲ.

12. ಹೆಚ್ಚಿನ ಮಾಹಿತಿಗಾಗಿ

ಸೊರಬ ಹಾಗೂ ಶಿಕಾರಿಪುರ ತಾಲ್ಲೂಕುಗಳ ತೋಟಗಾರಿಕೆ ಇಲಾಖೆ ಕಚೇರಿ ಮತ್ತು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ತಾಂತ್ರಿಕ ಸಲಹೆಗಾಗಿ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಪ್ರಾದೇಶಿಕ ಕೇಂದ್ರದ ತಜ್ಞರನ್ನು ಕೇಳಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲಿಯೇ ಮಾಹಿತಿ ಪಡೆಯಬಹುದು.

ಕಚೇರಿಗೆ ಬರುವಾಗ ಪಹಣಿ, ಆಧಾರ್ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ತಂದಲ್ಲಿ ಬೆಳೆಗಾರರಿಗೆ ಎರಡನೆಯ ಬಾರಿ ಓಡಾಡುವ ತೊಂದರೆ ತಪ್ಪುತ್ತದೆ. ರೋಗ ಅಥವಾ ಗಾಯದ ಬಗ್ಗೆ ಸಲಹೆ ಕೇಳುವವರು ಬಾಧಿತ ಎಲೆ ಅಥವಾ ಕಾಂಡದ ಛಾಯಾಚಿತ್ರವನ್ನೂ, ಗಾಯವು ಮರದ ಯಾವ ದಿಕ್ಕಿನಲ್ಲಿದೆ ಎಂಬ ವಿವರವನ್ನೂ ಒದಗಿಸತಕ್ಕದ್ದು.